ಹೆಸರಿನ ಮ್ಯಾಲ ಜಾರಿ ಬಿದ್ದ ಕಥಿ

ನಮಸ್ಕಾರ್ರೀ ಎಲ್ಲಾರ್ಗೂ, ಈಗ ನೀವು ನೋಡಾಕತ್ತಿದ್ದು ಉಣಕಲ್ ಕೆರಿ ದಂಡಿ, ಬೆಳಿಗ್ಗೆ ಆರೂವರಿ, ಕ್ಯಾಮೆರಾ ಅಲ್ಲಾಡಾಕತ್ತೈತಿ ಯಾಕಂದ್ರ ಹೆಲ್ಮೆಟ್ಟಿಗೆ ಟೇಪ್ ಹಚ್ಚಿ ಕೂಡಿಸೀನಿ, ಬೈಬ್ಯಾಡ್ರಿ. ಶ್ರಾವಣದ ಕಡೀ ರವಿವಾರ. ಫಸ್ಟ್ ಟೈಮ್ ಒಂದು ರೈಡಿಂಗ್ ಗ್ರೂಪ್ ಜೋಡಿ ಕಪ್ಪತ್ತಗುಡ್ಡಕ್ಕ ಹೊಂಟೀನಿ, ಹನ್ನೊಂದು ಗಾಡಿ, ಅದರಾಗ ನಂದ ಎಲ್ಲಾಕ್ಕಿಂತ ಹಳೇದು.

ಹೊರಡೂಕ್ಕಿಂತ ಮೊದ್ಲ ಬ್ರೀಫಿಂಗ್ ಅಂತ ನಿಲ್ಲಿಸಿದ್ರು. ಮುಂದಿನಾವ ಲೀಡ್, ಎಲ್ಲಾರ ಹಿಂದ ಬರಾವ ಸ್ವೀಪ್, ಯಾರರ ಪಂಚರ್ ಆದ್ರ ಬಿದ್ರ ಸ್ವೀಪ್ ನಿಲ್ಲಬೇಕು, ನಡುವಿನವ್ರು ಸ್ಟ್ಯಾಗರ್ಡ್, ಅಂದ್ರ ಒಬ್ಬಾವ ಲೇನಿನ ಎಡಕ್ಕ ಅವನ ಹಿಂದಿನಾವ ಬಲಕ್ಕ, ಕೌದಿಗೆ ಹೊಲಿಗಿ ಹಾಕಿದಂಗ. ಅಷ್ಟರಾಗ ಒಬ್ಬ ಹುಡುಗ ನನ್ನ ಹಿಂದಿನ ಟಯರ್ ಬಗ್ಗಿ ನೋಡಿ, 'ಬ್ರೋ, ನಿಮ್ಮ ಚಿಕನ್ ಸ್ಟ್ರಿಪ್ ಭಾಳ ದೊಡ್ಡುವು ಅದಾವಲ್ಲ' ಅಂದ. ನಾ ಏನಂದೆ ಹೇಳ್ರಿ? 'ಶ್ರಾವಣ ಐತಪಾ, ನಾ ತಿನ್ನಂಗಿಲ್ಲ.' ಎಲ್ಲಾರೂ ಬಿದ್ದು ಬಿದ್ದು ನಕ್ರು. ಆಮ್ಯಾಲ ತಿಳೀತು, ಟಯರಿನ ಎರಡೂ ಅಂಚಿಗೆ ಸವೀಲಾರದ ಪಟ್ಟಿ ಉಳದಿರ್ತೈತಲ್ಲ ಅದರ ಹೆಸರು ಅದು, ಟರ್ನಿಂಗ್‌ನ್ಯಾಗ ಗಾಡಿ ವಾಲಸಾಕ ಹೆದರ್ತೀ ಅನ್ನೂದಕ್ಕ ಸಾಕ್ಷಿ ಅಂತ. ನಾ ಇದನ್ನ ಒಪ್ಪಂಗಿಲ್ಲರಿ. ನಮ್ಮ ಬಯಲಸೀಮಿ ರೋಡು ಸ್ಕೇಲ್ ಇಟ್ಟು ಗೆರಿ ಹೊಡದಂಗ ಇರ್ತಾವು, ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಗದಗ ಮುಟ್ಟೂತನಕ ನಡುವಿನ ರಬ್ಬರ್ ಅಷ್ಟ ಸವೀತೈತಿ, ಅದರಾಗ ಹೆದರಿಕಿ ಎಲ್ಲಿಂದ ಬಂತು?

ಹಿಂಗ ದಾರಿ ತುಂಬ ಚಾ ಕುಡಿಯೋ ಮುಂದೆಲ್ಲಾ ಒಂದೊಂದು ಶಬ್ದ. ಜಾಕೆಟ್ ಗ್ಲೌಸ್ ಇಲ್ದ ಚಪ್ಪಲಿ ಮ್ಯಾಲ ಗಾಡಿ ಓಡಸಾವ ಸ್ಕ್ವಿಡ್. ಸ್ಪೀಡ್‌ನ್ಯಾಗ ಹ್ಯಾಂಡಲ್ ಎಡಕ್ಕ ಬಲಕ್ಕ ಪಟಪಟ ಬಡಕೊಂಡ್ರ ಟ್ಯಾಂಕ್ ಸ್ಲ್ಯಾಪರ್. 24 ತಾಸಿನ್ಯಾಗ 1000 ಮೈಲಿ, ಅಂದ್ರ 1600 ಕಿಲೋಮೀಟರ್ ಓಡಿಸಿದ್ರ ಸ್ಯಾಡಲ್‌ಸೋರ್, ಅಮೆರಿಕಾದ ಐರನ್ ಬಟ್ ಅಸೋಸಿಯೇಶನ್ನಿನವ್ರು ಸರ್ಟಿಫಿಕೇಟ್ ಕೊಡ್ತಾರ. ಇದನ್ನ ನಮ್ಮ ಮಿಸ್ತ್ರಿ ಕಾಕಾಗ ಹೇಳಿದಾಗ, 'ತಮ್ಮಾ, ಸರ್ಟಿಫಿಕೇಟ್ ತಗೊಂಡು ಕುಂದ್ರಾಕ ಬರಬೇಕಲ್ಲೋ' ಅಂದ.

ಮಿಸ್ತ್ರಿ ಕಾಕಾ ಅಂದ್ರ ನಮ್ಮ ಓಣಿ ಗ್ಯಾರೇಜಿನಾವ. ಅವನ ಭಾಷಾನ ಬ್ಯಾರೆ, ಅವ ಮಾತಾಡಿದ್ರ ಗಾಡಿ ಅಲ್ಲ ದನದ ಡಾಕ್ಟರ್ ಹತ್ರ ಬಂದಂಗ ಅನ್ನಸ್ತೈತಿ. ಇಂಜಿನ್ ಆಯಿಲ್ ಕುಡಿಯಾಕತ್ತೈತಿ, ಮಿಸ್ಸಿಂಗ್ ಹೊಡಿಯಾಕತ್ತೈತಿ, ಪಿಕಪ್ ಸತ್ತೈತಿ, ಹೆಡ್ ಇಳಸಬೇಕು, ಬೋರ್ ಮಾಡಸಬೇಕು. ಅವನ ಹತ್ರ ಒಂದು ಹಳೇ ಯೆಜ್ಡಿ ಐತಿ, ಮೈಸೂರಾಗ ಮಾಡ್ತಿದ್ರಲ್ಲ ಅದು, ಕಿಕ್ ಹೊಡಿಯೋ ಕಡ್ಡೀನ ಮುಂದಕ್ಕ ಮಡಚಿದ್ರ ಅದ ಗೇರ್ ಆಕ್ಕೈತಿ, ಹೊಸಬ್ರ ಕೈಯಾಗ ಕೊಟ್ಟು ಗೇರ್ ಎಲ್ಲೈತಿ ಹುಡುಕು ಅಂತ ಮಜಾ ನೋಡ್ತಾನ. ಆದ್ರ ಒಂದು ಗಮನಿಸೀನಿ ನೋಡ್ರಿ, ಕಾಕಾನ ಶಬ್ದ ಎಲ್ಲಾ ಗಾಡಿ ಜಡ್ಡಿಗೆ, ಗ್ರೂಪಿನವ್ರ ಶಬ್ದ ಬಹಳಷ್ಟು ಓಡಸಾವನ ತಪ್ಪಿಗೆ. ನಾವು ಬಿದ್ರ ನಮ್ಮ ಕಡೆ ಇರೂದು ಒಂದ ಮಾತು, 'ಸ್ಕಿಡ್ ಆತು'. ಯಾಕ ಆತು ಅಂತ ಕೇಳಿದ್ರ ರೋಡ್ ಸರಿ ಇರಲಿಲ್ಲ.

ಗದಗ ದಾಟಿ ಡಂಬಳ ಕಡೆ ಹೊಂಟ್ವಿ. ಗಾಳಿ ನೋಡ್ರಿ, ಮೈಕಿನ್ಯಾಗ ಬರೇ ಭೋರ್ ಅಂತೈತಿ, ಸುಮ್ನ ಆ ಕಡೆ ಗಾಳಿಫ್ಯಾನ್ ನಿಲ್ಲಿಸಿಲ್ಲ. ಬಲಗಡೆಯಿಂದ ದೂಡಾಕತ್ತಿತ್ತು, ನಾ ಸೀದಾ ಹೋಗಾಕ ಬಲಗೈ ಹ್ಯಾಂಡಲ್ ಮುಂದಕ್ಕ ಒತ್ತಿ ಹಿಡದಿದ್ನಿ, ಹಂಗ ಒತ್ತಿದ್ರ ಗಾಡಿ ಬಲಕ್ಕ ವಾಲತೈತಿ. ಇಷ್ಟು ವರ್ಷ ಮಾಡಕೋತ ಬಂದಿದ್ದಕ್ಕ ಕೌಂಟರ್ ಸ್ಟಿಯರಿಂಗ್ ಅಂತಾರ ಅನ್ನೂದು ಅವತ್ತ ಗೊತ್ತಾತು.

ಒಳ ರೋಡಿಗೆ ತಿರುಗಿದ್ವಿ. ಈಗ ಸ್ಲೋ ಮಾಡಿ ತೋರಸ್ತೀನಿ. ರೋಡಿನ ಅರ್ಧಕ್ಕ ಹೆಸರು ಹರವ್ಯಾರ, ಬುಡ್ಡಿ ಸಮೇತ, ಗಾಡಿ ಹಾಯ್ದ್ರ ತಾನ ಕಾಳು ಬಿಡ್ತಾವು ಅಂತ, ಸುತ್ತ ಕಲ್ಲು ಇಟ್ಟಾರ. ಇನ್ನರ್ಧ ರೋಡ್ ಖಾಲಿ ಐತಿ, ಲಾರಿ ಹೋಗುವಷ್ಟು. ಆದ್ರ ನನ್ನ ಕಣ್ಣು ಆ ಕಲ್ಲಿನ ಮ್ಯಾಲ. ತಪ್ಪಸಬೇಕು ತಪ್ಪಸಬೇಕು ಅನಕೋತ ಅದನ್ನ ನೋಡಿದ್ನಿ, ಗಾಡಿ ಅಲ್ಲೇ ಹೋತು, ಕಲ್ಲು ಹೆಂಗೋ ತಪ್ಪಿತು, ಕಾಳಿನ ಮ್ಯಾಲ ಮುಂದಿನ ಬ್ರೇಕ್ ಹಿಡದೆ, ಕಾಳು ಅಂದ್ರ ಬೇರಿಂಗಿನ ಗುಂಡು ಇದ್ದಂಗ, ಮುಂದಿನ ಗಾಲಿ ಲಾಕ್ ಆಗಿ ಜಾರಿ, ಧಪ್. ಸ್ಪೀಡ್ ಮೂವತ್ತೂ ಇರಲಿಲ್ಲ. ಲೆಗ್ ಗಾರ್ಡ್ ಇತ್ತು, ಕಾಲು ಉಳೀತು.

ಹೊಲದಿಂದ ಒಬ್ಬಾಕಿ ಅಜ್ಜಿ ಓಡಿ ಬಂದ್ಲು. 'ಯಪ್ಪಾ ಪೆಟ್ಟಾತೇನೋ' ಅಂತ ಒಂದ ಸಲ ಕೇಳಿ, ಎರಡನೇ ಮಾತಿಗೆ, 'ನನ್ನ ಹೆಸರೆಲ್ಲಾ ಚೆಲ್ಲಿದೆಲ್ಲೋ' ಅಂದ್ಲು. ಕಸಬರಗಿ ಕೈಯಾಗ ಕೊಟ್ಲು. ನಾ ಗ್ಲೌಸ್ ಹಾಕ್ಕೊಂಡ ಬಳ್ಯಾಕತ್ತಿದ್ನಿ, ಹಿಂದಿನಿಂದ ಸ್ವೀಪ್ ಬಂದು ನಿಂತ, 'ಏನ್ ಬ್ರೋ, ನನ್ನ ಕೆಲಸ ನೀವ ಮಾಡಾಕತ್ತೀರಿ?'

ಆಮ್ಯಾಲ ಸೀರಿಯಸ್ ಆಗಿ ಕುಂದ್ರಿಸಿ ಹೇಳಿದ. ಅಪಾಯನ ನೋಡಕೋತ ಅದರ ಕಡೇನ ಹೋಗೂದು ಟಾರ್ಗೆಟ್ ಫಿಕ್ಸೇಶನ್, ಖಾಲಿ ಜಾಗ ನೋಡಬೇಕಿತ್ತು. ಹಿಡಿತ ತಪ್ಪಿ ವಾಲಿದ ಕಡೇನ ಬಿದ್ರ ಲೋ ಸೈಡ್. ಜಾರಿದ ಹಿಂದಿನ ಗಾಲಿ ಒಮ್ಮೆಲೆ ಹಿಡಿತ ಸಿಕ್ಕು ನಮ್ಮನ್ನ ವಾಲಿದ್ದರ ವಿರುದ್ಧ ಕಡೆ ಎತ್ತಿ ಒಗದ್ರ ಹೈ ಸೈಡ್, ಅದು ಭಾಳ ಕೆಟ್ಟದ್ದು, ನಿಂದು ಬಚಾವ್ ಅಂದ. ರೋಡ್ ಮ್ಯಾಲಿನ ರಾಶಿಗೆ ಏನಂತೀರಿ ಅಂತ ಕೇಳಿದ್ನಿ, ಅವನ ಹತ್ರ ಶಬ್ದ ಇರಲಿಲ್ಲ.

ಸಂಜೀಕ ಗ್ಯಾರೇಜಿಗೆ ಹೋಗಿ ಕಾಕಾಗ ಎಲ್ಲಾ ಹೇಳಿದ್ನಿ, ಫಿಕ್ಸೇಶನ್, ಲೋ ಸೈಡ್, ಒಂದೂ ಬಿಡಲಿಲ್ಲ. ಅವ ಮುಂದಿನ ಗಾಲಿ ಎರಡೂ ಕಾಲಿನ್ಯಾಗ ಒತ್ತಿ ಹಿಡದು, ಹ್ಯಾಂಡಲ್ ತಿರುವಿ, ಅದರ ಕೆಳಗ ಮುಂದಿನ ಫೋರ್ಕ್ ಹಿಡಕೊಂಡಿರೋ ಟಿ ಇರ್ತೈತಲ್ಲ, ಅದನ್ನ ಒಂದು ಕಣ್ಣು ಮುಚ್ಚಿ ನೋಡಿದ.

'ಟಿ ಬೆಂಡ್ ಆಗೇತಿ. ನಾಳೆ ಬಾ.'