ಗೇರ್‌ಬಾಕ್ಸ್ ಸ್ವಾಮಿ, ಗೇರ್‌ಬಾಕ್ಸ್!

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕಾಮೆಂಟ್ ಓದಿ ಕೆಟ್ಟೆ. ಹೋದ ವಾರ ಅಮೆರಿಕ ಸೇನೆಯ ವಿ-22 ಆಸ್ಪ್ರೇ, ಅಂದರೆ ಹೆಲಿಕಾಪ್ಟರ್ ಹಾಗೆ ಎದ್ದು ವಿಮಾನದ ಹಾಗೆ ಹಾರುವ ಯಂತ್ರ, ಅದರ ಅಪಘಾತಗಳ ಬಗ್ಗೆ ಎರಡು ನಿಮಿಷ ಮಾತಾಡಿದ್ದೆ ಅಲ್ವಾ? ಅದಕ್ಕೆ ಒಬ್ಬರು ಬರೆದಿದ್ದಾರೆ, "ಗುರುವೇ, ಆಕಾಶದಲ್ಲಿ ಎಂಜಿನ್ನನ್ನೇ ತಿರುಗಿಸಿದರೆ ಬೀಳದೆ ಇನ್ನೇನು? ಎಲ್‌ಕೆಜಿ ಮಗುವಿಗೂ ಗೊತ್ತು." ರಾಶಿ ಲೈಕ್ ಬೇರೆ. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ. ಅಂದ ಹಾಗೆ, ನೀವೂ ಒಂದು ಒತ್ತಿಬಿಡಿ, ದುಡ್ಡೇನೂ ಹೋಗುವುದಿಲ್ಲ.

ಎಲ್‌ಕೆಜಿ ಸಾರ್, ಕೇಳಿ. ತಿರುಗುವುದು ಸಮಸ್ಯೆಯೇ ಅಲ್ಲ. ತಿರುಗಿಸುವುದನ್ನು ಯಾವತ್ತೋ ಕಲಿತಾಗಿದೆ. 1958ರಲ್ಲೇ ಎಕ್ಸ್‌ವಿ-3 ಅನ್ನುವ ಪುಟ್ಟ ಯಂತ್ರ ರೋಟರ್‌ಗಳನ್ನು ಪೂರ್ತಿ ಮುಂದಕ್ಕೆ ಬಗ್ಗಿಸಿ ವಿಮಾನದ ಹಾಗೆ ಹಾರಿತ್ತು. ಆಗಿನ್ನೂ ದಿಲ್ಲಿಗೇ ಟಿವಿ ಬಂದಿರಲಿಲ್ಲ. ಆಮೇಲೆ 1977ರಲ್ಲಿ ಎಕ್ಸ್‌ವಿ-15 ಬಂತು. ಆಸ್ಪ್ರೇ ಮೊದಲು ಹಾರಿದ್ದು 1989ರ ಮಾರ್ಚ್‌ನಲ್ಲಿ. ರೆಕ್ಕೆಯ ಎರಡು ತುದಿಗೆ ಎಂಜಿನ್ ಇರುವ ಎರಡು ದೊಡ್ಡ ಡಬ್ಬಿ, ಒಂದೊಂದಕ್ಕೂ ಮೂರು ಅಲಗಿನ ರೋಟರ್. ಡಬ್ಬಿ ನೆಟ್ಟಗೆ ನಿಂತರೆ ಹೆಲಿಕಾಪ್ಟರ್, ಮಲಗಿದರೆ ವಿಮಾನ. ಮಲಗಲು ಹನ್ನೆರಡು ಸೆಕೆಂಡ್ ಸಾಕು. ನಮ್ಮ ಮನೆಯ ಫ್ಯಾನ್ ಸ್ಪೀಡ್ ಹಿಡಿಯಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು. 24 ಸೈನಿಕರನ್ನು ಕೂರಿಸಿಕೊಂಡು ಗಂಟೆಗೆ ಸುಮಾರು 500 ಕಿಲೋಮೀಟರ್ ಓಡುತ್ತದೆ.

ಹಾಗಾದರೆ ತಕರಾರು ಎಲ್ಲಿ? ಗೇರ್‌ಬಾಕ್ಸ್ ಸ್ವಾಮಿ, ಗೇರ್‌ಬಾಕ್ಸ್.

ಒಂದು ಕಡೆಯ ಎಂಜಿನ್ ನಿಂತಿತು ಅಂದುಕೊಳ್ಳಿ. ಒಂದೇ ರೋಟರ್ ಎಳೆದರೆ ವಿಮಾನ ಮಗುಚಿಕೊಳ್ಳುತ್ತದೆ. ಅದಕ್ಕೇ ರೆಕ್ಕೆಯ ಒಳಗೆ ಈ ತುದಿಯಿಂದ ಆ ತುದಿಗೆ ಒಂದು ಶಾಫ್ಟ್ ಹಾಕಿದ್ದಾರೆ. ಒಂದು ಎಂಜಿನ್ ಸತ್ತರೆ ಇನ್ನೊಂದು ಎರಡೂ ರೋಟರ್ ತಿರುಗಿಸಬೇಕು. ಒಳ್ಳೆಯ ಉಪಾಯ. ಆದರೆ ಲೆಕ್ಕ ಹಾಕಿ: ಎರಡು ರೋಟರ್ ಪಕ್ಕ ಎರಡು ಗೇರ್‌ಬಾಕ್ಸ್, ಡಬ್ಬಿ ಬಗ್ಗುವ ಜಾಗದಲ್ಲಿ ಎರಡು, ರೆಕ್ಕೆಯ ನಡುವೆ ಒಂದು. ಒಟ್ಟು ಐದು! ಒಂದೊಂದು ಎಂಜಿನ್‌ಗೂ ಆರು ಸಾವಿರಕ್ಕಿಂತ ಜಾಸ್ತಿ ಕುದುರೆಶಕ್ತಿ. ಅದು ತಿರುಗುವುದು ನಿಮಿಷಕ್ಕೆ ಸುಮಾರು 15,000 ಸುತ್ತು. ರೋಟರ್‌ಗೆ ಬೇಕಾದ್ದು ಸುಮಾರು 400. ಈ ಅಂತರವನ್ನು ಯಾರು ಜೀರ್ಣಿಸಿಕೊಳ್ಳಬೇಕು? ಆ ಹಲ್ಲುಚಕ್ರಗಳು, ಪಾಪ.

ನಮ್ಮ ಮನೆಯ ಮಿಕ್ಸಿ ಕಥೆ ಹೇಳುತ್ತೇನೆ. ಹೋದ ತಿಂಗಳು ಕಾಯಿ ಚಟ್ನಿ ರುಬ್ಬುತ್ತಿದ್ದೆ. ಜಾರ್ ಕೆಳಗೆ ಹಲ್ಲು ಹಲ್ಲಾಗಿರುವ ಕಪ್ಪು ಕಪ್ಲರ್ ಇರುತ್ತದೆ ನೋಡಿ, ಅದು ಸವೆದಿತ್ತು. ಒಂದು ಕ್ಷಣ ಜಾರಿತು, ಮತ್ತೆ ಟಕ್ ಅಂತ ಕಚ್ಚಿತು. ಜಾರ್ ಎಗರಿತು. ಚಟ್ನಿ ಗೋಡೆಗೆ. ಮೋಟರ್ ಚೆನ್ನಾಗಿದೆ, ಬ್ಲೇಡ್ ಚೆನ್ನಾಗಿದೆ, ಹೋಗಿದ್ದು ನಡುವಿನ ತುಂಡು. ರಿಪೇರಿಯವನು ಏನಂದ ಗೊತ್ತಾ? "ನೀರು ಕಮ್ಮಿ ಹಾಕಿದ್ದೀರಿ ಸಾರ್." ತಪ್ಪು ನನ್ನದೇ ಅಂತೆ!

ಆಸ್ಪ್ರೇಯಲ್ಲೂ ಇದೇ ಕಾಯಿಲೆ ಇದೆ, ಅದಕ್ಕೆ ಹಾರ್ಡ್ ಕ್ಲಚ್ ಎಂಗೇಜ್‌ಮೆಂಟ್ ಅನ್ನುತ್ತಾರೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕ್ಲಚ್ ಜಾರಿ, ಮತ್ತೆ ಗಪ್ಪನೆ ಕಚ್ಚಿಕೊಂಡು, ಇಡೀ ಸರಪಳಿಗೆ ಒದೆ ಕೊಡುತ್ತದೆ. 2022ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ಎರಡೂ ಕಡೆ ಇದೇ ಆಯಿತು. ಐದು ಮರೀನ್ ಯೋಧರು ಹೋದರು. ಆಮೇಲೆ 800 ಗಂಟೆ ಹಾರಿದ ಮೇಲೆ ಆ ಕ್ಲಚ್ ಇರುವ ಭಾಗವನ್ನು ಬದಲಿಸಿ ಅಂತ ಆದೇಶ ಬಂತು.

2023ರ ನವೆಂಬರ್ 29, ಜಪಾನಿನ ಯಾಕುಶಿಮಾ. ಇಲ್ಲಿ ಜೋಕ್ ಬೇಡ, ಎಂಟು ಜನ ಸತ್ತಿದ್ದಾರೆ. ಎಡಗಡೆಯ ರೋಟರ್ ಗೇರ್‌ಬಾಕ್ಸ್‌ನ ಒಂದು ಪಿನಿಯನ್ ಗೇರ್, ಅಂದರೆ ಸಣ್ಣ ಹಲ್ಲುಚಕ್ರ, ಒಡೆದಿತ್ತು. ಆ ಗೇರ್‌ಬಾಕ್ಸ್‌ನ ಎಣ್ಣೆಯಲ್ಲಿ ಒಂದು ಅಯಸ್ಕಾಂತದ ಸೆನ್ಸರ್ ಇರುತ್ತದೆ. ಲೋಹದ ಚೂರು ಬಂದು ಅಂಟಿದರೆ ಕರೆಂಟ್ ಹಾಯಿಸಿ ಸುಟ್ಟು, ಪೈಲಟ್‌ಗೆ ಹೇಳುತ್ತದೆ. ಅವತ್ತು ಐದು ಸಲ ಹೇಳಿತು. ಗೇರ್ ಒಳಗಿಂದ ತನ್ನನ್ನೇ ತಿನ್ನುತ್ತಿತ್ತು. ಆಮೇಲೆ ಇಡೀ ಆಸ್ಪ್ರೇ ದಂಡನ್ನೇ ಮೂರು ತಿಂಗಳು ನೆಲಕ್ಕೆ ಕಟ್ಟಿಹಾಕಿದರು.

"ಪೈಲಟ್ ಬೇಗ ಇಳಿಸಬೇಕಿತ್ತು, ತನಿಖಾ ವರದಿಯಲ್ಲೇ ಇದೆ" ಅನ್ನುತ್ತೀರಾ? ಇದೆ, ಓದಿದ್ದೇನೆ. ಅದೇ ವರದಿಯಲ್ಲಿ ಗೇರ್ ಕೂಡ ಇದೆಯಲ್ಲಪ್ಪ! ನೀರು ಕಮ್ಮಿ ಹಾಕಿದ್ದೀರಿ ಸಾರ್ ಅನ್ನುವ ಜಾತಿ ಇದು.

"2000ನೇ ಇಸವಿಯಲ್ಲಿ ಅರಿಜೋನಾದ ಮರಾನಾದಲ್ಲಿ 19 ಜನ ಸತ್ತರಲ್ಲ, ಅಲ್ಲಿ ಗೇರ್‌ಬಾಕ್ಸ್ ಏನು ಮಾಡಿತ್ತು?" ಏನೂ ಮಾಡಿರಲಿಲ್ಲ. ಮುಂದಕ್ಕೆ ನಿಧಾನ, ಕೆಳಕ್ಕೆ ಜೋರು. ರೋಟರ್ ತಾನೇ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿಕೊಂಡಿತು. ಅದು ಯಾವ ಹೆಲಿಕಾಪ್ಟರ್‌ಗೂ ಆಗಬಹುದು. ಮುಂದೆ ಹೋಗೋಣ.

"ಎಂಜಿನ್ ಕೆಟ್ಟದ್ದಿರಬಹುದು" ಅಂತ ಇನ್ನೊಬ್ಬರು. ಅಯ್ಯೋ! ಇದೇ ರೋಲ್ಸ್-ರಾಯ್ಸ್ ಮನೆತನದ ಎಂಜಿನ್ ನಮ್ಮ ವಾಯುಪಡೆಯ ಸಿ-130ಜೆ ಸಾಗಣೆ ವಿಮಾನದಲ್ಲಿದೆ. ನಮ್ಮ ಬೆಂಗಳೂರಿನ ಡಿಆರ್‌ಡಿಒ ಲ್ಯಾಬ್ ರೂಪಿಸಿದ 'ನೇತ್ರ' ರಾಡಾರ್ ವಿಮಾನದಲ್ಲೂ ಇದರ ತಮ್ಮನೇ ಇದ್ದಾನೆ. ಅಲ್ಲೆಲ್ಲ ಸುಮ್ನೆ ತನ್ನ ಪಾಡಿಗೆ ಉರಿಯುತ್ತಿದೆ. ನೇತ್ರದ ಬಗ್ಗೆ ಎಪಿಸೋಡ್ ಬರುತ್ತಿದೆ, ಗಂಟೆ ಒತ್ತಿ. ಸ್ಪಾನ್ಸರ್ ಯಾರೂ ಇಲ್ಲ, ಹಪ್ಪಳ ಮಾಡುವವರಾದರೂ ಬನ್ನಿ.

ಈಗ ಎಲ್‌ಕೆಜಿ ಸಾರ್ ಕುಣಿಯುವ ಜಾಗ. ಬೆಲ್ ಕಂಪನಿಯ ಇದೇ ಜಾತಿಯ ಹೊಸ ವಿ-280, 2022ರಲ್ಲಿ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಬದಲಿಗೆ ಅಂತ ಅಮೆರಿಕದ ಭೂಸೇನೆ ಆರಿಸಿಕೊಂಡದ್ದು. ಅದರಲ್ಲಿ ಎಂಜಿನ್ ಮೇಲಕ್ಕೆ ತಿರುಗುವುದಿಲ್ಲ, ಮಲಗಿದ ಹಾಗೇ ಇರುತ್ತದೆ. "ನೋಡಿದ್ರಾ, ನಾನು ಹೇಳಲಿಲ್ಲವಾ!" ಅನ್ನಬೇಡಿ. ಎಂಜಿನ್ ಬಗ್ಗುವುದಿಲ್ಲ, ಸರಿ. ಮತ್ತೆ ಬಗ್ಗುವುದು ಯಾವುದು? ರೋಟರ್, ಮತ್ತು ಅದರ ಜೊತೆಗೆ... ಹೇಳಿ, ಎಲ್ಲರೂ ಒಟ್ಟಿಗೆ ಹೇಳಿ... ಗೇರ್‌ಬಾಕ್ಸ್!

"ಹೆಲಿಕಾಪ್ಟರ್‌ನಲ್ಲೂ ಗೇರ್‌ಬಾಕ್ಸ್ ಇಲ್ವಾ?" ಇದೆ. ನಮ್ಮ ಬೀದಿಯ ಆಟೋದಲ್ಲೂ ಇದೆ. ಏನೀಗ? ಇನ್ನೂ ಎರಡು ಪಾಯಿಂಟ್ ಬರೆದುಕೊಂಡಿದ್ದೆ, ಚೀಟಿ ಎಲ್ಲೋ ಹೋಯಿತು. ಪರವಾಗಿಲ್ಲ, ಅದರಲ್ಲೂ ಗೇರ್‌ಬಾಕ್ಸ್ ಅಂತಲೇ ಬರೆದಿದ್ದೆ. ಗೇರ್‌ಬಾಕ್ಸ್ ಅಂತ ಟೀಶರ್ಟ್ ಮಾಡಿಸಿದರೆ ತೆಗೆದುಕೊಳ್ಳುತ್ತೀರಾ? ಕೆಳಗೆ ಬರೆಯಿರಿ. ಎಲ್‌ಕೆಜಿ ಸಾರ್ ಕಾಮೆಂಟನ್ನು ನಾನೇ ಮೇಲೆ ಪಿನ್ ಮಾಡಿದ್ದೇನೆ, ಹೋಗಿ ಬೈಯಬೇಡಿ. ಸುಮ್ನೆ ಒಂದು ಹಲ್ಲುಚಕ್ರದ ಇಮೋಜಿ ಹಾಕಿ ಬನ್ನಿ.