ಕೀಲ್, ಕೀಲು, ಕೀಲಿ
(ಧಾರವಾಡದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಆಡಿದ ಮಾತು)

ಅಧ್ಯಕ್ಷರೇ, ಎದುರಿಗೆ ಕುಂತ ತಮ್ಮಂದಿರೇ, ತಂಗ್ಯಾರೇ,

ಹೋದ ವಾರ ನಿಮ್ಮ ಹಾಯಿದೋಣಿ ನೋಡಿದೆ. ಚೆಂದ ಕಟ್ಟೀರಿ. ಸಮುದ್ರ ಇಲ್ಲದ ಊರಾಗ ಹಾಯಿದೋಣಿ ಕಟ್ಟೋದು ಅಂದ್ರ ಎಮ್ಮಿ ಇಲ್ಲದ ಮನ್ಯಾಗ ಫೇಡಾ ಮಾಡಿದಂಗ, ಆದ್ರೂ ಮಾಡೀರಿ. ಹೊರಗ ಬರುವಾಗ ಒಬ್ಬ ತಮ್ಮ ಅಂದ: "ಸರ್, ಕೆಲಗೇರಿ ಕೆರ್‍ಯಾಗ ಬಿಟ್ಟು ನೋಡಿದ್ವಿ, ಭಾಳ ವಾಲತೈತಿ. ಕೀಲ್‌ಗೆ 30 ಕೆಜಿ ಸೀಸ ಜಡಿದುಬಿಡ್ತೀವಿ." ಕೀಲ್ ಅಂದ್ರ ದೋಣಿ ಬುಡದಿಂದ ನೀರೊಳಗ ಇಳಿಬಿಡೋ ಉದ್ದನ ಪ್ಲೇಟು. ಆ 'ಬಿಡ್ತೀವಿ' ಕೇಳಿ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಯಾಕಂದ್ರ ನಾನೂ ಒಮ್ಮೆ ಹಂಗ ಜಡಿದುಬಿಟ್ಟವ.

ಮೊದಲ ಈ ಪಿನ್ನು ಕೈಯಿಂದ ಕೈಗೆ ದಾಟಿಸ್ರಿ. ಮುಂದಿನ ಸಾಲಿನವರು ಇಟ್ಕೊಂಡು ಕುಂದರಬ್ಯಾಡ್ರಿ. ಅದರ ಕಥಿ ಆಮೇಲೆ ಹೇಳತೇನಿ.

ನಿಮ್ಮ ಕೀಲ್ ಮ್ಯಾಲೆ ಎತ್ತುವಂಥಾದ್ದು. ಆಳ ನೀರಿಗೆ ಇಳಿಸೋದು, ದಂಡಿಗೆ ಬಂದಾಗ ಎತ್ತಿ ದೋಣಿಯೊಳಗಿನ ಪೆಟ್ಟಿಗ್ಯಾಗ ಮಡಚೋದು. ಇಂಗ್ಲಿಷಿನವರು ಅದಕ್ಕ ಕೀಲ್ ಅಂದ್ರು. ಅದು ತಿರುಗೋದು ಒಂದು ಕೀಲಿನ ಮ್ಯಾಲೆ. ಇಳಿಸಿದ ಮ್ಯಾಲೆ ಅದಕ್ಕ ಕೀಲಿ ಹಾಕಬೇಕು. ಕೀಲ್, ಕೀಲು, ಕೀಲಿ. ಮೂರೂ ನಮ್ಮ ಬಾಯಾಗ ಒಂದ ಮನಿ ಮಕ್ಕಳಿದ್ದಂಗ ಅದಾವ, ಆದ್ರ ನೀವು ಹಿರೇಮಗಗ ಅಷ್ಟ ಊಟಾ ಬಡಸಾಕ ಹತ್ತೀರಿ. ವಚನ ಓದಿದ ಮಂದಿಗೆ ಬಂಡಿಗೂ ಗಾಲಿ ಕಳಚದಂಗ ಹಿಡಿಯೋ ಕಡೆಗೀಲಿಗೂ ಏನು ಸಂಬಂಧ ಅಂತ ನಾ ಹೇಳಬೇಕಿಲ್ಲ.

ಈಗ ಲೆಕ್ಕ. ನಿಮ್ಮ ಕೀಲ್ ಒಂದೂವರೆ ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟು. ನನ್ನದೂ ಅಷ್ಟ ಇತ್ತು. ಹತ್ತಿರ ಹತ್ತಿರ 56.5 ಕೆಜಿ. ಅದರ ತೂಕದ ನಡು ಕೀಲಿನಿಂದ ಮುಕ್ಕಾಲು ಮೀಟರ್ ದೂರ. ನೀವು ತುದಿಗೆ, ಅಂದ್ರ 1.4 ಮೀಟರ್ ಆಚೆ, 30 ಕೆಜಿ ಹಚ್ಚತೀರಿ. ತೂಕಾನ ದೂರದಿಂದ ಗುಣಿಸಿ ನೋಡ್ರಿ: ಮೊದಲಿಂದು 42 ಕೆಜಿ-ಮೀಟರ್, ಹೊಸಾದೂ 42. ತೂಕ ಹೆಚ್ಚಿದ್ದು ಅರ್ಧ, ಕೀಲ್ ಎತ್ತೋ ವಿಂಚಿಗೂ ವೈರ್ ರೋಪಿಗೂ ಬಿದ್ದ ಭಾರ ಎರಡು ಪಟ್ಟು! ಚಕ್ಕಡಿ ಹೇರಿದವರಿಗೆ ಇದು ಗೊತ್ತು. ಒಂದು ಚೀಲ ನಡುವ ಇದ್ರ ಎತ್ತಿಗೆ ತಿಳಿಯೂದಿಲ್ಲ, ಅದನ್ನ ಹಿಂದಿನ ತುದಿಗೆ ಒಗದ್ರ ನೊಗಾನ ಮ್ಯಾಲೇಳತೈತಿ. ನನ್ನ ರೋಪು ಎರಡನೇ ವಾರಕ್ಕ ಹರೀತು. ಕೀಲ್ ಧಡ್ ಅಂತ ಇಳದು ಪೆಟ್ಟಿಗಿ ಅಂಚು ಸೀಳ್ತು. ದೋಣ್ಯಾಗ ನೀರು.

ಇಷ್ಟೆಲ್ಲಾ ಮಾಡಿ ಸಿಗೋದೇನು? ದೋಣಿ 20 ಡಿಗ್ರಿ ವಾಲಿದಾಗ ಆ 30 ಕೆಜಿ ಅದನ್ನ ನೆಟ್ಟಗ ಮಾಡೋ ಬಲ 14 ಕೆಜಿ-ಮೀಟರ್. ಅದೇ ಹೊತ್ತಿಗೆ 65 ಕೆಜಿ ತೂಕದ ಒಬ್ಬ ಗೆಳ್ಯಾ ಗಾಳಿ ಬರೋ ಕಡೆ ಅಂಚಿಗೆ 90 ಸೆಂಟಿಮೀಟರ್ ಸರದು ಕುಂತ್ರ 55! ನಾಷ್ಟಾ ಮಾಡಿಸಿ ಒಬ್ಬನ್ನ ಕೂಡ್ರಸಿದ್ರ ಸೀಸದ ನಾಕು ಪಟ್ಟು ಕೆಲಸ. (ನಗು) ನಗಬ್ಯಾಡ್ರಿ, ಪೂರ್ತಿ ಕೇಳ್ರಿ. ದೋಣಿ 90 ಡಿಗ್ರಿಗೆ ಮಲಗಿದಾಗ ಆ ಗೆಳ್ಯಾ ನೀರಾಗ ಬಿದ್ದಿರತಾನ, ಅವನ ಲೆಕ್ಕ ಸೊನ್ನಿ. ಸೀಸದ ಲೆಕ್ಕ ಪೂರಾ 42. ಸೀಸ ಬೇಕಾಗೋದು ಆ ಒಂದು ಗಳಿಗಿಗೆ. ಆ ಗಳಿಗ್ಯಾಗ ಅದು ಕೆಳಗ ಇರಬೇಕಲ್ಲ?

ಅದ ಕಥಿ. ನಾನು ಹುಬ್ಬಳ್ಳಿ ಗೋಕುಲ ರೋಡಿನಾಗ ಲೇತ್ ಮುಂದ ನಿಂತು ವಯಸ್ಸು ಕಳದವ. ಕಾರವಾರದಾಗ ನಮ್ಮ ತಂಗಿ ಗಂಡ ಒಂದು ಹಳೇ ದೋಣಿ ಹಿಡದಿದ್ದ. ನಾನು ಗುಜರಿ ಅಂಗಡ್ಯಾಗ ಸೀಸ ತಗೊಂಡು, ಬದನಿಕಾಯಿ ಉದ್ದಕ್ಕ ಸೀಳಿದಂಗ ಎರಡು ಹೋಳು ಎರದೆ, ಒಂದೊಂದು 15 ಕೆಜಿ. ಅರಬೈಲು ಘಾಟ್ ಇಳಿಯುವಾಗ ಡಿಕ್ಕ್ಯಾಗ ಅವು ಉರುಳಿದ ಸಪ್ಪಳ ಇನ್ನೂ ಕಿವ್ಯಾಗೈತಿ. ಅದಕ್ಕೂ ಮೊದಲು ಒಂದು ಶಾಣ್ಯಾತನ ಮಾಡಿದ್ದೆ: ಸೀಸ ಹೊರಗ ಉಬ್ಬಿದ್ರ ಪೆಟ್ಟಿಗ್ಯಾಗ ಹಿಡಿಯೂದಿಲ್ಲ ಅಂತ ಪ್ಲೇಟಿನಾಗ ಒಂದಡಿ ಚೌಕ ಕೊರದು ಸೀಸ ತುಂಬೋ ಲೆಕ್ಕ ಹಾಕಿದ್ದೆ. ಉಕ್ಕು ಹೋಗಿ ಸೀಸ ಬಂದ್ರ ಹೆಚ್ಚಾಗೋದು ನಾಕು ಕೆಜಿ! ಹಾಳಿ ಹರದು ಒಗದೆ. ಬದನಿಕಾಯೇ ಖರೆ ಅಂತ ತುದಿಗೆ ಹಚ್ಚಿ, ಎತ್ತಿದಾಗ ಪೆಟ್ಟಿಗಿ ಕೆಳಗ ಜೋತಾಡಲಿ ಅಂತ ಬಿಟ್ಟೆ.

ಕೀಲ್ ಇಳಿಸಿದ ಮ್ಯಾಲೆ ಕೀಲಿ ಅಂತ ತೂರಿಸಾಕ 12 ಮಿಲಿಮೀಟರಿನ ಒಂದು ಬೋಲ್ಟ್ ಇತ್ತು. ಪ್ರತಿ ಸಲ ಬಗ್ಗಿ ಹಾಕಬೇಕು, ಬಗ್ಗಿ ತಗೀಬೇಕು. ನಮ್ಮ ಹೊಟ್ಟಿ ನೋಡ್ರಿ, ಬಗ್ಗೋ ಹೊಟ್ಟಿ ಅಲ್ಲ. "ಇಷ್ಟು ಸೀಸ ಐತಿ, ತಾನ ಕೆಳಗ ಇರತೈತಿ" ಅಂತ ಬೋಲ್ಟ್ ಡಬ್ಬ್ಯಾಗ ಇಟ್ಟೆ. ಕಾಳಿ ನದಿ ಸಮುದ್ರ ಸೇರೋ ಕಡೆ, ಸಂಜೀ ಗಾಳಿ. ಹಾಯಿ ಹಗ್ಗ ಕೈಯಾಗ ಹಿಡಿಯೋದು ಬಿಟ್ಟು ಗೂಟಕ್ಕ ಸುತ್ತಿದ್ದೆ. ಒಂದ ಬೀಸು. ದೋಣಿ ಮಲಗಿತು. ಕಂಬದ ತುದಿ ನೀರಿಗೆ ಮುಟ್ಟಿತು, ಮುಳುಗಿತು, ದೋಣಿ ಇನ್ನೊಂದೀಟು ಹೊಳ್ಳಿತು. ಆವಾಗ ಒಳಗಿಂದ ಬಂತು ನೋಡ್ರಿ ಸಪ್ಪಳ, ಢಣ್! ದೋಣಿ ತಲಿಕೆಳಗಾದ್ರ ಕೀಲ್‌ಗೆ 'ಕೆಳಗ' ಅನ್ನೋದು ಪೆಟ್ಟಿಗಿ ದಿಕ್ಕು. ಸೀದಾ ಮಡಚಿ ಒಳಗ ಹೋತು. ದೋಣಿ ನೆಟ್ಟಗ ಹೊಳ್ಳಿಸಾಕ ಹತ್ತಿ ನಿಂತು ಜಗ್ಗೇನು ಅಂದ್ರ ಹಿಡಿಯಾಕ ಬುಡದಾಗ ಎರಡು ಬದನಿಕಾಯಿ ಬಿಟ್ರ ಏನೂ ಇಲ್ಲ. ಮೀನಗಾರರು ಬಂದು ಎತ್ತಿದ್ರು. ಒಬ್ಬ ಹಿರಿಯರು ಕೇಳಿದ್ರು, "ಭಾರ ಹಾಕಲಿಲ್ವ?" "ಹಾಕೀನ್ರಿ, ಕೆಳಗೈತಿ." "ಕೆಳಗೆಲ್ಲಿದೆ ಮಾರಾಯ್ರೇ, ಒಳಗೆ ಹೋಗಿ ಮಲಗಿದೆ!"

ಅದಕ್ಕ ಹೇಳತೇನಿ, ಕೀಲಿ. ಕೀಲಿ ಹಾಕದ ಕೀಲ್‌ಗೆ ಸೀಸ ಹಚ್ಚಬ್ಯಾಡ್ರಿ. ಇನ್ನ ಒಂದು ತೊಡಕು: ಕೀಲಿ ಹಾಕಿದ ಕೀಲ್ ಉಸುಕಿನ ದಿಬ್ಬಕ್ಕ ಬಡದ್ರ ಹಿಂದ ಮಡಚೂದಿಲ್ಲ, ಪೆಟ್ಟು ಪೂರಾ ಪೆಟ್ಟಿಗಿಗೆ. ಅಲ್ಲಿ ಫೈಬರ್ ದಪ್ಪ ಮಾಡಬೇಕು. ಸುಲಭ ದಾರಿ ಇದ್ರ ನನಗೂ ಹೇಳ್ರಿ.

ಅಧ್ಯಕ್ಷರು ಚೀಟಿ ಕಳಿಸ್ಯಾರ. ಐದು ನಿಮಿಷ ಅಂತ ಬರದು ಕೆಳಗ ಎರಡು ಗೆರಿ ಎಳದಾರ.

ಉಳಿದದ್ದು ಲಗೂನ ಹೇಳತೇನಿ. ಸೀಸಾನ ಯಾಕ? ನೀರೊಳಗ 30 ಕೆಜಿ ಸೀಸದ ತೂಕ 27 ಉಳೀತೈತಿ, ಉಕ್ಕಿಂದು 26, ಕಾಂಕ್ರೀಟಿಂದು 17. ಉಕ್ಕಿಗೂ ಸೀಸಕ್ಕೂ ಫರಕು ತೂಕದಾಗ ಅಲ್ಲ, ಗಾತ್ರದಾಗ. ಸೀಸ 327 ಡಿಗ್ರಿಗೆ ಕರಗತೈತಿ, ಕರಗಿಸೋದು ಬಯಲಾಗ, ಮಾಸ್ಕ್ ಹಾಕ್ಕೊಂಡು. ಅಚ್ಚಿನಾಗ ಒಂದು ಹನಿ ತೇವ ಇದ್ರೂ ಸೀಸ ಸಿಡದು ಮುಖಕ್ಕ ಬರತೈತಿ. ಹಳೇ ಬ್ಯಾಟರಿ ಒಡದು ಸೀಸ ತಗಿಯೋ ಉಸಾಬರಿ ಬ್ಯಾಡ, ಅದು ವಿಷ. ಉಪ್ಪುನೀರಾಗ ಸೀಸ, ಉಕ್ಕು ಒಂದಕ್ಕೊಂದು ಮುಟ್ಟಿದ್ರ ಉಕ್ಕು ತಿಂದುಹೋಗತೈತಿ, ನಡುವ ಎಪಾಕ್ಸಿ ಲೇಪ ಇರಲಿ. ದೋಣಿ ಎಷ್ಟು ತಗ್ಗತೈತಿ ಅಂತ ಒಬ್ಬಾಕಿ ತಂಗಿ ಕೇಳಿದ್ಲು: ನೀರು ಮುಟ್ಟೋ ಜಾಗಾ 5 ಚದರ ಮೀಟರ್ ಹಿಡದ್ರ ಬರೇ ಐದಾರು ಮಿಲಿಮೀಟರ್. ಅದರ ಚಿಂತಿ ಬ್ಯಾಡ.

ಕೀಲು ಉಳೀತು. ನಿಮ್ಮ ಕೈಯಾಗ ತಿರಗಾಕ ಹತ್ತಿದ ಪಿನ್ನು ಅದ. ನಾ ಹಾಕಿದಾಗ 20 ಮಿಲಿಮೀಟರ್ ದುಂಡಗಿತ್ತು. ನಡುವ ಬಟ್ಟಾಡಿಸಿ ನೋಡ್ರಿ, ಒಂದು ಕಡೆ ತಗ್ಗು ಹತ್ತತೈತಿ. ಅಲ್ಲಿ ವರ್ನಿಯರ್ ಹಿಡದು ಅಳದ್ರ 17 ಮಿಲಿಮೀಟರ್. ಲಂಗರ ಹಾಕಿದ ರಾತ್ರಿ ಟಕ್ ಟಕ್ ಅಂತ ಸಪ್ಪಳ ಬರತಿತ್ತು, ಮೀನು ಬಡಿಯಾಕ ಹತ್ತ್ಯಾವ ಅಂತ ತಂಗಿ ಗಂಡ ಅಂದಿದ್ದ. ಸೀಸ ಹಚ್ಚೋ ಮೊದಲು ನಿಮ್ಮ ದೋಣಿ ಪಿನ್ನು ಕಳಚಿ ಅಳೀರಿ, ಅದು ಕುಂದ್ರೋ ತೂತೂ ಅಳೀರಿ, ದುಂಡಗೈತೋ ತತ್ತಿ ಹಂಗ ಆಗೈತೋ ಅಂತ.

ಈಗ ಅದು ಯಾರ ಹತ್ರ ಐತಿ? ಹಿಂದಿನ ಸಾಲು? ತಮ್ಮಾ, ಕಿಸೆದಾಗ ಇಟ್ಕೋಬ್ಯಾಡೋ, ಹೋಗುವಾಗ ನನಗ ಅದು ಬೇಕು.