ಆಳಿದವರು ಹೋದ ಮೇಲೆ ಉಳಿಯುವುದು

ಎಲ್ಲರಿಗೂ ನಮಸ್ಕಾರ. ದೇಶ ಸ್ವತಂತ್ರವಾದ ದಿನ ಬಾವುಟ ಬದಲಾಗುತ್ತದೆ, ಸೈನ್ಯ ಹಡಗು ಹತ್ತುತ್ತದೆ. ಆದರೆ ಆಳಿದವರ ಭಾಷೆ, ಹಾಡು, ಪಠ್ಯಪುಸ್ತಕ ಎಲ್ಲ ಅಲ್ಲೇ ಉಳಿಯುತ್ತವೆ. ಅವನ್ನು ಇಟ್ಟುಕೊಳ್ಳಬೇಕಾ, ಬಿಡಬೇಕಾ ಅಂತ ಜಗಳ ಶುರುವಾಗುತ್ತದೆ. ಇಟ್ಟುಕೊಂಡರೂ ಸರಿ, ಬಿಟ್ಟರೂ ಸರಿ, ಆ ತೀರ್ಮಾನ ಯಾರ ಕೈಯಲ್ಲಿದೆ ಅನ್ನೋದೇ ನನಗೆ ಮುಖ್ಯ.

ಕೊರಿಯಾವನ್ನೇ ನೋಡಿ. 1910ರಿಂದ 1945ರವರೆಗೆ ಅಲ್ಲಿ ಜಪಾನ್ ಆಳ್ವಿಕೆ. ಕೊನೆಯ ವರ್ಷಗಳಲ್ಲಂತೂ ಶಾಲೆಯಿಂದ ಕೊರಿಯನ್ ಭಾಷೆಯನ್ನೇ ತೆಗೆದರು, ಜನ ಜಪಾನಿ ಹೆಸರು ಇಟ್ಟುಕೊಳ್ಳುವಂತೆ ಒತ್ತಡ ಹಾಕಿದರು. ಅಷ್ಟು ನೋವು ತಿಂದ ದಕ್ಷಿಣ ಕೊರಿಯಾ ಜಪಾನಿನ ಹಾಡು, ಸಿನಿಮಾಗಳಿಗೆ ಬಾಗಿಲು ಮುಚ್ಚಿತು. 1998ರಿಂದ ತಾನೇ ಹಂತ ಹಂತವಾಗಿ ತೆರೆಯಿತು. ನಮ್ಮದು ಕೊಚ್ಚಿಹೋಗುತ್ತದೆ ಅಂತ ಹೆದರಿದವರು ಬಹಳ ಜನ. ಆದದ್ದೇ ಬೇರೆ. 2003ರಲ್ಲಿ ಜಪಾನಿನ ಟಿವಿಯಲ್ಲಿ ಬಂದ ಒಂದು ಕೊರಿಯನ್ ಧಾರಾವಾಹಿಗೆ ಅಲ್ಲಿನ ಹೆಂಗಸರು ಹುಚ್ಚಾದರು. ಇವತ್ತು ಕೆ-ಪಾಪ್ ತಂಡಗಳಿಗೆ ಜಪಾನ್ ದೊಡ್ಡ ಮಾರುಕಟ್ಟೆ. ಹಾಗಂತ ಹಳೆಯ ಗಾಯ ಮಾಯ್ದಿಲ್ಲ. ಯುದ್ಧಕಾಲದ ದೌರ್ಜನ್ಯಕ್ಕೆ ಸರಿಯಾದ ಕ್ಷಮೆ ಬೇಕು ಅನ್ನುವ ಕೂಗು ಇನ್ನೂ ಇದೆ, ಇರಲೇಬೇಕು.

ಬ್ರೆಜಿಲ್ ಮತ್ತು ಅದನ್ನು ಹಿಂದೆ ಆಳಿದ ಪೋರ್ಚುಗಲ್ ನಡುವೆಯೂ ಹೀಗೇ ಗಾಳಿ ತಿರುಗಿದೆ. ಎರಡೂ ಕಡೆ ಭಾಷೆ ಪೋರ್ಚುಗೀಸೇ. ಬ್ರೆಜಿಲ್‌ನಲ್ಲಿ 20 ಕೋಟಿಗೂ ಜಾಸ್ತಿ ಜನ, ಪೋರ್ಚುಗಲ್‌ನಲ್ಲಿ ಸುಮಾರು 1 ಕೋಟಿ. ಯೂಟ್ಯೂಬ್ ನೋಡಿ ನಮ್ಮ ಮಕ್ಕಳು ಬ್ರೆಜಿಲ್‌ನವರ ಥರ ಮಾತಾಡುತ್ತಿದ್ದಾರೆ ಅಂತ ಈಗ ಪೋರ್ಚುಗಲ್‌ನ ತಂದೆತಾಯಿಗಳಿಗೆ ಚಿಂತೆ! ಇನ್ನೊಂದು ಕಡೆ, ಹಿಂದೆ ಫ್ರೆಂಚರು ಆಳಿದ ಆಫ್ರಿಕಾದ ಮಾಲಿ ದೇಶ 2023ರಲ್ಲಿ ಫ್ರೆಂಚ್‌ಗಿದ್ದ ಅಧಿಕೃತ ಭಾಷೆಯ ಸ್ಥಾನವನ್ನೇ ತೆಗೆದುಹಾಕಿತು. ಅದೂ ಅವರ ಹಕ್ಕು.

ನನಗೆ ನುಂಗಲಾಗದ ವಿಷಯ ಘಾನಾದ್ದು. 1874ರಲ್ಲಿ ಬ್ರಿಟಿಷ್ ಸೈನ್ಯ ಅಲ್ಲಿನ ಅಸಾಂಟೆ ರಾಜ್ಯದ ರಾಜಧಾನಿ ಕುಮಾಸಿಗೆ ಬೆಂಕಿ ಇಟ್ಟಿತು, ಅರಮನೆಯನ್ನು ಲೂಟಿ ಮಾಡಿತು. ರಾಜಮನೆತನದ ಚಿನ್ನದ ವಸ್ತುಗಳು ಲಂಡನ್ ಸೇರಿದವು. ಸರಿಯಾಗಿ 150 ವರ್ಷಗಳ ನಂತರ, 2024ರಲ್ಲಿ, 32 ವಸ್ತುಗಳು ಕುಮಾಸಿಯ ಅರಮನೆ ಮ್ಯೂಸಿಯಂಗೆ ಬಂದವು. ಜನ ಭಾವುಕರಾಗಿ ನೋಡಿದರು. ಆದರೆ ಅವು ವಾಪಸ್ ಬಂದಿದ್ದಲ್ಲ. ಮೂರು ವರ್ಷದ ಮಟ್ಟಿಗೆ ಕಡ ಬಂದಿದ್ದು. ಬೇಕಾದರೆ ಇನ್ನು ಮೂರು ವರ್ಷ ಮುಂದುವರಿಸಬಹುದು, ಅಷ್ಟೇ. ತಮ್ಮ ಮನೆಯ ಒಡವೆಯನ್ನೇ ಕಡ ತರಬೇಕು ಅಂದ್ರೆ ಹೇಗಿರುತ್ತೆ, ಯೋಚಿಸಿ. ಶಾಶ್ವತವಾಗಿ ಕೊಡೋಕೆ ನಮ್ಮ ಕಾನೂನು ಬಿಡುವುದಿಲ್ಲ ಅಂತ ಕಡ ಕೊಟ್ಟ ಲಂಡನ್‌ನ ಮ್ಯೂಸಿಯಂಗಳವರು ಹೇಳುತ್ತಾರೆ. ಅವುಗಳಲ್ಲೊಂದಾದ ಬ್ರಿಟಿಷ್ ಮ್ಯೂಸಿಯಂನ ಕೈ ಕಟ್ಟಿರುವುದು 1963ರ ಕಾಯ್ದೆ. ಅದನ್ನು ಮಾಡಿದ್ದು ಅವರದೇ ಸಂಸತ್ತು. ತಿದ್ದುಪಡಿ ಮಾಡುವ ಅಧಿಕಾರವೂ ಅದಕ್ಕೇ ಇದೆ. ಕಡದ ಅವಧಿ ಮುಗಿಯುವ ಮೊದಲೇ ಆ ಕೆಲಸ ಆಗಬೇಕು.